ಹೊರಡುವ ಮುನ್ನ ಒಂದು ಗಳಿಗೆ

ಪ್ರಿಪ್ಯತ್ ನಗರಕ್ಕೆ ನಾನು ಮತ್ತೆ ಹೋದದ್ದು ಅಕ್ಟೋಬರಿನಲ್ಲಿ, ಅತ್ತೆ ಪರಾಸ್ಕಾ ಜೊತೆ. ಏಪ್ರಿಲಿನಲ್ಲಿ ಅಣುಸ್ಥಾವರ ಸಿಡಿದಾಗ ಊರನ್ನು ಖಾಲಿ ಮಾಡಿಸಿದ್ದರು. ಈಗ ಸಾಮಾನು ತರಲು ಪ್ರತಿ ಮನೆಯವರನ್ನೂ ಒಂದೇ ಒಂದು ಸಲ ಒಳಗೆ ಬಿಡುತ್ತಿದ್ದರು.

ಅತ್ತೆಗೆ ಬೇಕಾಗಿದ್ದದ್ದು ಮಗನ ಮದುವೆಯ ಅಂಗಿ. ಅದರ ಕಸೂತಿ ಅವರದೇ. ಸ್ಫೋಟದ ಹೊತ್ತಿನಲ್ಲಿ ಪಾಳಿಯಲ್ಲಿದ್ದ ನನ್ನ ಗಂಡ ಜಖಾರ್, ಮೇ ತಿಂಗಳಲ್ಲಿ ಮಾಸ್ಕೋದ ಆಸ್ಪತ್ರೆಯಲ್ಲಿ ತೀರಿಕೊಂಡ. ದೇಹದಲ್ಲೂ ವಿಕಿರಣ ಇದೆಯೆಂದು ಅಲ್ಲೇ ಸತುವಿನ ಪೆಟ್ಟಿಗೆಯಲ್ಲಿಟ್ಟು ಹೂಳಿ, ಮೇಲೆ ಕಾಂಕ್ರೀಟ್ ಸುರಿದರು. ಅತ್ತೆಯ ಹಳ್ಳಿಗೆ ಅದು ಬಹಳ ದೂರ. ಅಂಗಿಯನ್ನಾದರೂ ಮಾವನ ಸಮಾಧಿಯ ಪಕ್ಕದಲ್ಲಿ ಹೂಳಬೇಕು, ಈಸ್ಟರ್ ಕಳೆದ ಮೇಲೆ ಎಲ್ಲರೂ ತಮ್ಮವರ ಸಮಾಧಿಗೆ ಬಣ್ಣದ ಮೊಟ್ಟೆ ಒಯ್ಯುವಾಗ ತಾವೂ ಮಗನಿಗೆ ಒಯ್ಯಬೇಕು ಎಂಬುದು ಅವರ ಆಸೆ.

ವಿಕಿರಣ ಅಳೆಯುವ ಗ್ಲೆಬ್ ಜೊತೆಗೆ ಬಂದ. ಸೇನೆಗೆ ಕರೆಸಿಕೊಳ್ಳುವ ಮುಂಚೆ ಟ್ರಾಕ್ಟರ್ ಓಡಿಸುತ್ತಿದ್ದವನು, ದಪ್ಪನೆಯ ಆಸಾಮಿ.

ಬಾಲ್ಕನಿಗಳಲ್ಲಿ ಒಗೆದ ಬಟ್ಟೆ ಇನ್ನೂ ತೂಗುತ್ತಿತ್ತು. ಸೇಬಿನ ಗಿಡಗಳ ಕೆಳಗೆ ಹಣ್ಣು ಕೊಳೆತಿತ್ತು.

"ಅಂಗಿ ಒಂದೇನಾ ಅಮ್ಮಾ? ಮಿಕ್ಕೋರೆಲ್ಲ ಬೀರೂನೇ ಕೇಳ್ತಾರೆ," ಎಂದ ಗ್ಲೆಬ್.

"ಬೀರು ನೀನು ಹೊರ್ತೀಯೇನಪ್ಪ? ಆ ಹೊಟ್ಟೆ ನೋಡಿದ್ರೆ ಅರ್ಧ ಮೆಟ್ಟಿಲಿಗೇ ಕೂತುಬಿಡ್ತೀಯ."

"ಕೂರೋ ಮಾತು ಮಾತ್ರ ಆಡ್ಬೇಡಿ. ಇಲ್ಲಿ ಎಲ್ಲೂ ಕೂರೋ ಹಾಗಿಲ್ಲ. ಎಲ್ಲಾದ್ರ ಮೇಲೂ ವಿಕಿರಣದ ಧೂಳಿದೆ."

ನಮ್ಮ ಮನೆಯ ಕಿಟಕಿಯನ್ನು ಏಪ್ರಿಲಿನಲ್ಲಿ ನಾನೇ ತೆರೆದಿಟ್ಟು ಹೋಗಿದ್ದೆ. ಮೂರೇ ದಿನದಲ್ಲಿ ವಾಪಸ್ ಬರಬಹುದು ಎಂದಿದ್ದರು.

ಅಂಗಿ ಸೂಟ್‌ಕೇಸಿನ ತಳದಲ್ಲಿ, ಅತ್ತೆ ಸುತ್ತಿಕೊಟ್ಟಿದ್ದ ಪ್ಲಾಸ್ಟಿಕ್ಕಿನಲ್ಲೇ ಇತ್ತು. ಗ್ಲೆಬ್ ಯಂತ್ರ ಹಿಡಿದ. ಅದು ಹೆಚ್ಚು ಸದ್ದು ಮಾಡಲಿಲ್ಲ.

"ಬಚಾವ್! ಇದನ್ನ ಒಯ್ಯಬಹುದು," ಎಂದು, ನಮ್ಮ ಹಾಗೇ ಸಾಮಾನಿಗೆ ಬಂದಿದ್ದ ಪಕ್ಕದ ಮನೆಯವರನ್ನು ಕೂಗಲು ಹೊರಗೆ ಹೋದ.

ಅತ್ತೆ ಪ್ಲಾಸ್ಟಿಕ್ ಬಿಚ್ಚಿ ಅಂಗಿಯನ್ನು ಮೂಸಿದರು. "ಸೋಪಿನ ವಾಸನೆ ಅಷ್ಟೇ," ಎಂದರು. ಆಮೇಲೆ, "ಕೂತ್ಕೋ ಮಗಳೇ, ಹೊರಡೋಣ."

ದೂರ ಹೊರಡುವ ಮುನ್ನ ಮನೆಯವರೆಲ್ಲ ಒಂದು ಗಳಿಗೆ ಮಾತಿಲ್ಲದೆ ಕೂರುವುದು ನಮ್ಮಲ್ಲಿ ರೂಢಿ. ಏಪ್ರಿಲಿನಲ್ಲಿ ನಾನು ಕೂತಿರಲಿಲ್ಲ. ಕೆಳಗೆ ಬಸ್ಸುಗಳು ಕಾಯುತ್ತಿದ್ದವು. ಜಖಾರ್‌ಗಾಗಿಯೂ ಕೂತಿರಲಿಲ್ಲ. ಪಾಳಿಗೆ ಹೊರಟವನಿಗಾಗಿ ಯಾರು ಕೂರುತ್ತಾರೆ?

ನಾನು ಓದಿದ್ದು ರಸಾಯನಶಾಸ್ತ್ರ. ಸೋಫಾದ ಮೇಲೆ ಏನಿದೆ ಎಂದು ನನಗೆ ಗೊತ್ತಿತ್ತು. ಕೂತೆ. ಅತ್ತೆಯೂ ಕೂತರು. ಅಂಗಿಯನ್ನು ನಮ್ಮಿಬ್ಬರ ನಡುವೆ ಹರಡಿ, ಅದರ ತೋಳನ್ನು ನೇವರಿಸಿ ಸರಿಮಾಡಿದರು. ಆ ಮನೆಯಿಂದ ನಾವು ಮೂವರೂ ಸರಿಯಾಗಿ ಹೊರಟದ್ದು ಅದೊಂದೇ ಸಲ.

ತಪಾಸಣೆಯ ಗೇಟಿನಲ್ಲಿ ಯಂತ್ರ ಕಿರುಚಿತು. ಮೊದಲು ನಮ್ಮ ಕೋಟುಗಳ ಬಳಿ, ಆಮೇಲೆ ಅಂಗಿಯ ಬಳಿ.

"ಎಲ್ಲಿ ಕೂತಿದ್ರಿ?" ಗ್ಲೆಬ್ ಕೇಳಿದ.

"ಮನೇಲಿ," ಎಂದರು ಅತ್ತೆ. "ಹೊರಡೋಕೆ ಮುಂಚೆ."

ಅವನು ಬೈಯಲಿಲ್ಲ. ಅವನ ಮನೆಯಲ್ಲೂ ಹಾಗೇ ಕೂರುತ್ತಾರೆ. "ಬಿಡೋಕಾಗಲ್ಲ ಅಮ್ಮಾ. ನಂಗೂ ಮೇಲೆ ಅಧಿಕಾರಿಗಳಿದ್ದಾರೆ."

ಕೋಟುಗಳನ್ನು ಗೇಟಿನ ಪಕ್ಕ ತೋಡಿದ್ದ ಹೊಂಡಕ್ಕೆ ಎಸೆದರು. ಅಂಗಿಯನ್ನು ಎಸೆಯಲು ಅತ್ತೆ ಬಿಡಲಿಲ್ಲ. ತಾವೇ ಮಡಚಿ, ಬಗ್ಗಿ, ಒಳಗೆ ಇಟ್ಟರು.

"ಮಣ್ಣು ಮುಚ್ತೀರಲ್ಲ?"

"ಮುಚ್ತೀವಿ."

"ಶಿಲುಬೆ ನೆಡಬಹುದಾ?"

ಗ್ಲೆಬ್ ಟೋಪಿ ತೆಗೆದ.

ಬಸ್ಸಿನಲ್ಲಿ ಸರ್ಕಾರದವರು ಕೊಟ್ಟ ಹತ್ತಿಯ ಕೋಟು ಹೊದ್ದು ಕೂತೆವು. ಊರು ಮರೆಯಾದ ಎಷ್ಟೋ ಹೊತ್ತಿನ ಮೇಲೆ ಅತ್ತೆ ಕೇಳಿದರು:

"ಕೊರಳಿನ ಬಟನ್ ಗಾಜಿಂದು ಅಲ್ವೇನೇ?"

"ಹೂಂ ಅಮ್ಮ."

"ಗಾಜು ತೊಳೆದ್ರೆ ಶುದ್ಧ ಆಗುತ್ತಾ?"

ಆಗುತ್ತದೆ. ಸೋಪು, ನೀರು, ಒಂದು ಚಿಂದಿ ಸಾಕು. ಹೊಂಡದ ಪಕ್ಕದಲ್ಲಿ ನಿಂತಿದ್ದಾಗ ಅದನ್ನು ಕಿತ್ತಿಟ್ಟುಕೊಳ್ಳಬಹುದು ಎಂದು ನನಗೆ ಹೊಳೆಯಲಿಲ್ಲ.

"ಇಲ್ಲ ಅಮ್ಮ," ಎಂದೆ. "ಆಗಲ್ಲ."

ಅವರು ತಲೆಯಾಡಿಸಿ, ಕಿಟಕಿಯ ಕಡೆ ತಿರುಗಿ ಕೂತರು.