ಬೆಚ್ಚಗಿದ್ದ ಉಪ್ಪಿನ ಮಡಕೆ

ಎಸರು ಕುದಿಯುತ್ತಿದೆ, ಹೆಂಚಿನಿಂದ ಇಳಿಯುವ ನೀರಿನ ಸದ್ದು ಯಾವುದು ಎಸರಿನ ಸದ್ದು ಯಾವುದು ತಿಳಿಯುತ್ತಿಲ್ಲ, ಮನೆಯೊಳಗೂ ಒಂದು ಮಳೆ ಹಿಡಿದ ಹಾಗಿದೆ, ಉಪ್ಪು ಹಾಕಬೇಕು, ಕೈ ಎತ್ತಿದ್ದೇನೆ, ಎತ್ತಿದ ಕೈ ಅಲ್ಲೇ ನಿಂತಿದೆ — ಒಲೆಯ ಮೇಲಿನ ಹಲಗೆಯಲ್ಲಿ ಉಪ್ಪಿನ ಮಡಕೆ, ಹೊಗೆ ಕುಡಿದು ತಳ ಕಪ್ಪಾಗಿದೆ, ಅವತ್ತು ನಾನು ಅದನ್ನು ನೋಡಲಿಲ್ಲವೇ, ನೋಡಿದೆ, ಕಣ್ಣು ನೋಡಿತು, ಮನಸ್ಸು ಎಲ್ಲೋ ಇತ್ತು. ಸೆರಗಿನ ಗಂಟಿನಲ್ಲಿ, ಇವರ ಜೊತೆ ಗಾಡಿ ಹೊಡೆಯುವ ಸಣ್ಣಬೀರಯ್ಯ ಈಗ ತಾನೇ ಕೊಟ್ಟುಹೋದದ್ದು ಸೊಂಟಕ್ಕೆ ತಣ್ಣಗೆ ಒತ್ತುತ್ತಿದೆ. ಅತ್ತೆ ಕೊಟ್ಟಿಗೆಯಲ್ಲಿದ್ದಾರೆ, ಹಾಲಿನ ಧಾರೆ ಚೆಂಬಿಗೆ ಬೀಳುವುದು ಕೇಳುತ್ತಿದೆ, ಮೊದಲು ಚಣಚಣ ಎನ್ನುತ್ತಿತ್ತು, ಈಗ ನೊರೆಯೊಳಗೆ ಮೆತ್ತಗಾಗಿದೆ, ಅಂದರೆ ಚೆಂಬು ತುಂಬುತ್ತಿದೆ, ತುಂಬಿದರೆ ಒಳಗೆ ಬರುತ್ತಾರೆ, ಬಂದರೆ ನಾನು ಹೇಳಬೇಕು, ಹೇಗೆ ಹೇಳಲಿ, ಅಜ್ಜಿ ಕಥೆಗೆ ಕೂತ ಹಾಗೆ ಕಾಲು ಚಾಚಿ ಕೂತು ಹೇಳಲೇ, ಒಂದೂರಲ್ಲಿ ಒಬ್ಬ ತಾಯಿಗೆ ಒಬ್ಬನೇ ಮಗ ಇದ್ದ ಅತ್ತೆಮ್ಮ, ಗಾಡಿ ಕಟ್ಟಿಕೊಂಡು ಕಡಲ ಸೀಮೆಗೆ ಹೋದ, ಅವನ ಹೆಂಡತಿ ಹೋಗಿಬನ್ನಿ ಎಂದಳು.

ಉಪ್ಪು ಕಡಲಿನ ಮಗಳು ಕಣವ್ವ ಕೆಂಪಾಜಿ, ಎನ್ನುತ್ತಿದ್ದಳು ಯಡತೊರೆಯ ನನ್ನಜ್ಜಿ, ತನ್ನ ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡು, ಬೆರಳಿನಿಂದ ಬೈತಲೆ ಹುಡುಕುತ್ತಾ, ಮಲೆಯಾಳದ ಕಡಲು ತನ್ನ ಬಿಳಿ ಮಗಳನ್ನು ಗಾಡಿ ಹತ್ತಿಸಿ ಘಟ್ಟದ ಮೇಲಿನವರಿಗೆ ಧಾರೆಯೆರೆದು ಕೊಟ್ಟಿತಂತೆ, ಮಗಳು ಮಡಕೆಯಲ್ಲಿ ಸಂಸಾರ ಹೂಡಿದಳಂತೆ, ಆದರೂ ತವರಿನ ಮೇಲೆ ಮೋಡ ಕವಿದರೆ ಅವಳಿಗೆ ಇಲ್ಲಿ ತಿಳಿಯುತ್ತದೆ, ಕೂತಲ್ಲೇ ಅಳುತ್ತಾಳೆ, ಅತ್ತು ಅತ್ತು ನೀರಾಗುತ್ತಾಳೆ, ಮಡಕೆ ಒದ್ದೆಯಾದರೆ ಕಡಲ ಸೀಮೆಯಲ್ಲಿ ಮಳೆ, ಉದುರುದುರಾಗಿದ್ದರೆ ಅಲ್ಲಿ ಬಿಸಿಲು — ಕಡಲನ್ನು ಕಂಡವಳಲ್ಲ ಅಜ್ಜಿ, ಕಾವೇರಿಯ ಆಚೆ ದಡವೇ ಅವಳಿಗೆ ಪರದೇಶ. ಕಂಪಲಾಪುರಕ್ಕೆ ಸೊಸೆಯಾಗಿ ಬರುವಾಗ ಪಾತ್ರೆಪಡಗಕ್ಕಿಂತ ಮೊದಲು ನಾನು ಹೊತ್ತು ತಂದದ್ದು ಈ ಕಥೆಯನ್ನು. ಇವರು ಕೇಳಿ ನಕ್ಕರು, ನಿಮ್ಮಜ್ಜಿ ಉಪ್ಪಿಗೆ ಮಾರಾಜ್ರು ಕಛೇರೀಲಿ ಕೆಲ್ಸ ಕೊಡಿಸ್ಬೇಕು ಕಣೆ ಎಂದರು. ಹೋದ ವರ್ಷ ಇವರು ಹೊಗೆಸೊಪ್ಪು ಹೇರಿ ಕಡಲ ಸೀಮೆಗೆ ಹೊರಡುವ ಬೆಳಗ್ಗೆ ಉಪ್ಪು ಬೆವತು ಮಡಕೆಯ ಕೆಳಗೆ ನೀರು ಹರಿದಿತ್ತು, ನಾನು ಸೆರಗು ಹಿಡಿದು ನಿಂತೆ, ಇವರು ಎತ್ತು ಬಿಚ್ಚಿದರು, ಅವತ್ತು ಇಳಿದುಹೋದವರ ಹೊಗೆಸೊಪ್ಪೆಲ್ಲ ಘಟ್ಟದ ಮಳೆಗೆ ಸಿಕ್ಕಿ ಕೊಳೆತು ಬಂತು, ಅಲ್ಲಿಂದ ಮುಂದೆ ಇವರು ನಗಲಿಲ್ಲ. ಶಾನುಭೋಗರ ಮನೆಯ ಪತ್ರಿಕೆಯಲ್ಲಿ ಕರಾವಳಿಯ ಹವೆ ಹೀಗೆ ಹೀಗೆ ಎಂದು ಹಾಕಿರುತ್ತಿತ್ತಂತೆ, ಅದು ಇಲ್ಲಿಗೆ ಬರೋ ವತ್ಗೆ ಆ ಮಳೆ ಹುಯ್ದು ಒಣಗೋಗಿರ್ತದೆ, ನಮ್ಮನೇಲಿ ಬೆಳಬೆಳಗ್ಗೆ ಸುದ್ದಿ ಬತ್ತದೆ, ಎಂದು ಇವರು ಜಗಲಿಯಲ್ಲಿ ಕೂತವರಿಗೆ ಹೇಳುತ್ತಿದ್ದರು. ಸಣ್ಣಬೀರಯ್ಯ ಜೊತೆಗಾರ, ಅವನಿಗೆ ಹಾಸ್ಯ, ಮುದ್ದಣ್ಣ ಎಂಡ್ತಿ ಮಡಕೆ ಕೇಳಿ ಗಾಡಿ ಕಟ್ಟೋನು ಎಂದು ಊರೆಲ್ಲ ಸಾರಿದ. ಸಾರಲಿ ಬಿಡು ಎನಿಸುತ್ತಿತ್ತು ನನಗೆ. ಮುದ್ದೆ ಬೆಂದಿದೆಯಾ, ನೀರು ತಂದೆಯಾ, ಇದನ್ನು ಬಿಟ್ಟು ಸೊಸೆಯನ್ನು ಯಾರು ಏನು ಕೇಳುತ್ತಾರೆ, ಇವರು ಮಾತ್ರ ಅಂಗಳದಲ್ಲಿ ನಿಂತು, ಕೈಯಲ್ಲಿ ಹಗ್ಗ ಹಿಡಿದು, ಕೂಗಿ ಕೇಳುತ್ತಿದ್ದರು — ಏನಂತಾಳೆ ನಿನ್ನ ಕಡಲ ಮಗಳು.

ಏನಂತಾಳೆ. ಈ ವರ್ಷ ಇವರು ಹೊರಟದ್ದು ಸ್ವಾತಿ ಮಳೆ ಬಿಟ್ಟು ಬಿಟ್ಟು ಹನಿಯುತ್ತಿದ್ದ ಕಾಲ, ಮಾರ್ನವಮಿಗೆಂದು ತವರಿಗೆ ಹೋದವಳು ಹಿಂದಿನ ಸಂಜೆಯಷ್ಟೇ ಬಂದಿದ್ದೆ, ಅಜ್ಜಿಯ ವಾಸನೆ ಇನ್ನೂ ಸೀರೆಯಲ್ಲಿತ್ತು, ಇವರು ಪಿಸುಮಾತಿನಲ್ಲಿ ಹೇಳಿದ್ದರು, ಈ ಸಲ ನಿಂಗೊಂದು ಶಂಖ ತತ್ತೀನಿ, ಕಿವೀಗಿಟ್ಕಂಡ್ರೆ ಒಳಗೇ ಕಡಲು ಮೊರೀತದಂತೆ — ನಾನು ಆ ಬೆಳಗ್ಗೆ ಎದ್ದಾಗಲೇ ಕಡಲ ದಂಡೆಯಲ್ಲಿದ್ದೆ, ಬರಿಗಾಲಿಗೆ ನೊರೆ ತಾಗುತ್ತಿತ್ತು. ಅಂಗಳದಿಂದ ಕೂಗಿದರು, ಮೂಲೆಗೆ ಹೋಗಿ ಬಗ್ಗಿದೆ, ಮಡಕೆ ಅಲ್ಲಿರಲಿಲ್ಲ, ಮಡಕೆ ಕೂರುತ್ತಿದ್ದ ಜಾಗದಲ್ಲಿ ಬಿಳಿಯ ಉಂಗುರವೊಂದೇ ಇತ್ತು. ಮೇಲ್ ಮಡಗಿವ್ನಿ ಕಣವ್ವ ಎಂದರು ಅತ್ತೆ, ಬೀಸುವ ಕಲ್ಲಿನ ಮುಂದಿನಿಂದ, ನೆಲದಾಗೆ ಕರಗಿ ಹರೀತಿತ್ತು, ಆ ನೀರು ತಾಕಿ ನಿನ್ ಬೆಳ್ಳು ಬಿರೀತವೆ, ನೀ ಬರೋ ವತ್ಗೆ ಅಂತ ಹಲಗೆ ಹೊಡ್ಸಿದೆ. ನನ್ನ ಬೆರಳಿಗಾಗಿ. ಯಾವ ಅತ್ತೆ ಸೊಸೆಯ ಬೆರಳು ನೋಡುತ್ತಾಳೆ. ಕೈ ಚಾಚಿದೆ, ಮಡಕೆ ಬೆಚ್ಚಗಿತ್ತು, ಕೋಳಿಯ ಹೊಟ್ಟೆಯ ಕೆಳಗೆ ಕೈ ಇಟ್ಟ ಹಾಗೆ, ಉಪ್ಪು ಮರಳಿನ ಹಾಗೆ ಉದುರಿತು, ಬೆಚ್ಚಗೆ ಮಲಗಿದ್ದಾಳೆ ಎಂದುಕೊಂಡೆ, ಅಷ್ಟೇ, ಅದಕ್ಕಿಂತ ಮುಂದೆ ಒಂದು ಹೆಜ್ಜೆ ಯೋಚಿಸಲಿಲ್ಲ, ಒಲೆ ಕೆಳಗೆ ಉರಿಯುತ್ತಲೇ ಇತ್ತು. ಒಣಗವ್ಳೆ, ನಗ್ತವ್ಳೆ, ಹೋಗ್ಬನ್ನಿ ಅಂದೆ. ನನ್ನದೇ ದನಿ, ಈಗಲೂ ಕೇಳುತ್ತಿದೆ, ಎಷ್ಟು ಖುಷಿಯಿಂದ ಹೇಳಿದೆ. ಇವರು ನೊಗಕ್ಕೆ ಎತ್ತು ಹೂಡಿದರು, ಕೆಂದೆತ್ತು ತಲೆ ಕೊಡವಿತು, ಅದರ ಕೊಂಬಿನ ತುದಿಗೆ ತೊಡಿಸಿದ್ದ ಹಿತ್ತಾಳೆ ಅಣಸು ಬೆಳಗಿನ ಬೆಳಕಿಗೆ ಒಮ್ಮೆ ಮಿನುಗಿತು, ಸಂಕ್ರಾಂತಿಗೆ ನಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದ ಅಣಸು.

ಈಗ ಅದೇ ಅಣಸು ಸೆರಗಿನಲ್ಲಿದೆ. ಒಳಗೆ ಮಣ್ಣು ಮೆತ್ತಿದೆ. ಸಣ್ಣಬೀರಯ್ಯ ಕಂಬಳಿ ಕೊಪ್ಪೆ ಹೊದ್ದು ಸೂರಿನ ಕೆಳಗೆ ನಿಂತಿದ್ದ, ಒಳಗೆ ಬಾ ಅಂದರೆ ಬರಲಿಲ್ಲ, ಹಾಸ್ಯಗಾರ, ಮುಖ ನೋಡಲಾರದೆ ನನ್ನ ಕಾಲು ನೋಡಿಕೊಂಡು ಹೇಳಿದ. ವೀರರಾಜಪೇಟೆಯಲ್ಲಿ ಪಡುವಣದ ಕಡೆ ಕರಿಮೋಡ ನೋಡಿ ತಾನು ಗಾಡಿ ನಿಲ್ಲಿಸಿದನಂತೆ, ಇವರನ್ನೂ ತಡೆದನಂತೆ, ಇವರು ನಕ್ಕು, ಕೆಳಗೆ ಬಿಸಿಲು ಕಣ್ಲಾ, ನಮ್ಮನೇಲಿ ನೋಡ್ಕೊಂಡೇ ಬಂದಿವ್ನಿ ಎಂದು ಘಟ್ಟ ಇಳಿದರಂತೆ. ಮಾರನೆಯ ದಿನವೆಲ್ಲ ಕಡಲ ಕಡೆಯಿಂದ ಮಳೆ ಘಟ್ಟಕ್ಕೆ ಅಪ್ಪಳಿಸಿತಂತೆ. ನೀರಿಳಿದ ಮೇಲೆ ಇವನು ಹುಡುಕಿಕೊಂಡು ಹೋದರೆ, ಹೊಳೆ ದಾಟುವ ಜಾಗದಿಂದ ಬಲು ದೂರ, ಬಿದಿರ ಮೆಳೆಗೆ ಸಿಕ್ಕಿದ ಗಾಡಿ, ಗಾಡಿಗೆ ಸಿಕ್ಕಿದ ಕೆಂದೆತ್ತು. ನಾನು ಸುಮ್ಮನಿದ್ದಿದ್ದರೆ ಅವರು ನಿನ್ನ ಮಾತು ಕೇಳುತ್ತಿದ್ದರು ಸಣ್ಣಬೀರಯ್ಯ, ಎನ್ನಬೇಕೆನಿಸಿತು, ನಾನು ಹೋಗ್ಬನ್ನಿ ಅನ್ನದಿದ್ದಿದ್ದರೆ. ಮುದ್ದಣ್ಣ ಸಿಗಲಿಲ್ಲ ಕಣವ್ವ, ಎಂದ, ದಡದೋರೆಲ್ಲ ಹುಡುಕವ್ರೆ, ಆ ಹೊಳೆ ಸೀದಾ ಕಡಲಿಗೋಯ್ತದೆ, ನಿಮ್ಮತ್ತೆಗೆ ನೀನೇ ಯೋಳು, ನನ್ ಕೈಲಾಗಕ್ಕಿಲ್ಲ. ಅಣಸನ್ನು ನನ್ನ ಕೈಗಿಟ್ಟು ಮಳೆಯೊಳಗೆ ಹೋಗಿಬಿಟ್ಟ. ಕಡಲಿಗೆ ಹೋಗುತ್ತದೆ ಹೊಳೆ. ಶಂಖ ತರಲು ಹೋದವರನ್ನು ಕಡಲೇ ಕರೆದುಕೊಂಡಿತೇ, ಅಜ್ಜಿ, ನಿನ್ನ ಕಥೆಗಳಲ್ಲಿ ನೀರಿಗೆ ಬಿದ್ದವರು ಏಳು ಮಡಿ ನೀರಿನ ಕೆಳಗೆ ಬಾಗಿಲು ತೆಗೆದು ಒಳಗೆ ಹೋಗುತ್ತಿದ್ದರು, ಅಲ್ಲಿ ದೀಪ ಇರುತ್ತಿತ್ತು, ಊಟಕ್ಕೆ ಎಲೆ ಹಾಕಿರುತ್ತಿತ್ತು, ವಾಪಸು ಬರುವ ದಾರಿಯನ್ನು ನೀನು ಯಾವತ್ತೂ ಮರೆಯುತ್ತಿರಲಿಲ್ಲ.

ಹಾಲಿನ ಸದ್ದು ನಿಂತಿದೆ. ಅತ್ತೆ ಬಂದರು, ತಲೆಯ ಮೇಲಿನ ಗೋಣಿ ಕೊಡವಿ, ಚೆಂಬು ಇಟ್ಟು, ಇಲ್ಲಿ ಇಂಗೆ ಹುಯ್ತದೆ, ಅಲ್ಲೆಂಗದೋ ಎನ್ನುತ್ತಾ ಹಲಗೆಯ ಕಡೆಗೆ ಕೈ ಎತ್ತಿದರು, ಗಾಡಿ ಹೋದಂದಿನಿಂದ ದಿನವೂ ಹೀಗೆಯೇ, ಅವರಿಗೂ ನನ್ನಜ್ಜಿಯ ಕಥೆ ಹಿಡಿದುಬಿಟ್ಟಿದೆ, ಬೆರಳಾಡಿಸಿ, ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು. ನೋಡವ್ವ, ಇವತ್ತೂ ಒಣಗದೆ, ಅಲ್ಲಿ ಬಿಸಿಲೇಯ, ಮುದ್ದ ಬತ್ತಾವ್ನೆ. ಇನ್ನೊಂದು ಹಿಡಿಗೆ ಕೈ ಮತ್ತೆ ಮಡಕೆಗೆ ಹೋಗಿದೆ, ಮುಖ ನನ್ನ ಕಡೆ, ಆ ಮುಖದ ಎದುರು ಸೆರಗಿನ ಗಂಟು ಬಿಚ್ಚಲೇ, ಬಿಚ್ಚಿದರೆ ಆ ಬಿಸಿಲು ಎಲ್ಲಿ ಹೋಗುತ್ತದೆ, ಬಾಯಿ ತೆರೆದೆ, ಇವರ ಹೆಸರು ಬರಲಿಲ್ಲ, ಹೊಳೆ ಎಂಬ ಮಾತು ಬರಲಿಲ್ಲ, ಬಂದದ್ದು ಇಷ್ಟೇ — ಮಡಕೆ ಬೆಚ್ಚಗದೆ ಅತ್ತೆಮ್ಮ. ಒಲೆ ಮೇಲ್ ಮಡಗಿದ್ರೆ ಬೆಚ್ಚಗಿರದೆ ಇನ್ನೇನವ್ವ, ಎಂದರು ಅತ್ತೆ, ಎಂದವರು ನಿಂತರು, ಒಲೆ ನೋಡಿದರು, ಮೂಲೆಯ ಬಿಳಿ ಉಂಗುರ ನೋಡಿದರು, ಕೈ ಮಡಕೆಯೊಳಗೇ ಇದೆ, ತೆಗೆಯುತ್ತಿಲ್ಲ, ಎಸರು ಉಕ್ಕಿ ಬೆಂಕಿಗೆ ಬೀಳುತ್ತಿದೆ, ಉಪ್ಪು ಅವರ ಬೆರಳ ಸಂದಿಯಿಂದ ಮಡಕೆಗೆ, ನನ್ನ ಬೆರಳ ಸಂದಿಯಿಂದ ನೆಲಕ್ಕೆ, ಉದುರುತ್ತಿದೆ, ಮರಳಿನ ಹಾಗೆ, ಒಣಗಿದೆ, ಬೆಚ್ಚಗಿದೆ