ಕಲ್ಲುಗಳು ಹೇಳಿದ ಸಾಕ್ಷಿ

ಬಳಪದ ಕಲ್ಲು ಕೆತ್ತುವುದಕ್ಕೆ ಓದು ಬೇಕಿಲ್ಲ. ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ಆದರೆ ನನ್ನ ಕೈಯಿಂದ ಹೋದ ಕಲ್ಲು ಯಾವುದು, ಯಾರ ಮನೆ ಸೇರಿತು ಎಂಬುದನ್ನು ಮಾತ್ರ ಮರೆತವನಲ್ಲ. ಅದರಿಂದ ಯಾರಿಗಾದರೂ ಉಪಯೋಗವಾದೀತೆಂದು ಎಣಿಸಿರಲಿಲ್ಲ.

ತಬಾಕಾ ಎಂಬ ನಮ್ಮ ಊರಿನ ಕೆತ್ತುಗರ ಸಂಘಕ್ಕೆ ನನ್ನ ತಮ್ಮನ ಮೊಮ್ಮಗಳು ಕೆಮುಂತೊ ಒಂದು ವೆಬ್‌ಸೈಟ್ ಮಾಡಿದ್ದಳು. ಕೊಳ್ಳುವವರು ದಲ್ಲಾಳಿಯನ್ನು ದಾಟಿ ನೇರ ನಮ್ಮ ಹತ್ತಿರ ಬರಲಿ ಎಂಬುದು ಅವಳ ಆಸೆ. ಫೋನಿನಲ್ಲಿ ಹುಡುಕಿದರೆ ದಲ್ಲಾಳಿಯ ಸೈಟೇ ಮೊದಲು. ನಮ್ಮದು ಎಷ್ಟು ಪುಟ ಸರಿಸಿದರೂ ಇಲ್ಲ. ಮೆಕ್ಕೆಜೋಳದ ಕೊಯ್ಲು ಮುಗಿಯುವುದರೊಳಗೆ ಒಂದಾದರೂ ಬೇಡಿಕೆ ಬರದಿದ್ದರೆ ಸಂಘ ಮುಚ್ಚಿ ಮತ್ತೆ ದಲ್ಲಾಳಿಗೇ ಕೆತ್ತುವುದೆಂದು ಸಭೆಯಲ್ಲಿ ತೀರ್ಮಾನವಾಗಿತ್ತು.

ಒಂದು ಮಧ್ಯಾಹ್ನ ಅವಳು ಮುಖ ಬಾಡಿಸಿಕೊಂಡು ಬಂದು ಕೂತಳು.

"ಏನಾಯ್ತೇ?"

"ಅಜ್ಜಾ, ಬೇರೆಯವ್ರ ಸೈಟಲ್ಲಿ ನಮ್ಮ ಹೆಸರಿರ್ಬೇಕು, ಅದನ್ನ ಒತ್ತಿದ್ರೆ ನಮ್ಮ ಸೈಟಿಗೆ ಬರ್ಬೇಕು. ಅಂಥಾ ಕೊಂಡಿ ಇದ್ರೇನೇ ನಾವು ಮೇಲೆ ಕಾಣೋದು. ಒಬ್ಬ ಸಾವಿರ ಕೊಂಡಿ ಹಾಕಿಸ್ಕೊಡ್ತೀನಿ ಅಂದ, ದುಡ್ಡು ಕೊಟ್ಟು ಹಾಕಿಸ್ದೆ. ಎಲ್ಲೋ ಕೊನೇಲಿದ್ದ ಜಾಗಾನೂ ಹೋಯ್ತು."

"ಎಂಥವ್ರ ಸೈಟು ಅವು?"

"ಜೂಜಿಂದು. ಕೂದಲು ಬೆಳೆಸೋ ಎಣ್ಣೇದು."

ನೀರಿನ ಬೋಗುಣಿಯಲ್ಲಿ ಕಲ್ಲು ಉಜ್ಜುತ್ತಿದ್ದ ನನ್ನ ಸೊಸೆ ಮೊರಾ ತಲೆ ಎತ್ತದೆಯೇ ಅಂದಳು, "ಎಣ್ಣೆಯವ್ರಿಗೆ ಪಕ್ಕದ ಮನೆ ಒನ್ಸೊಂಗೊ ಮಾವನ ಬೋಳುತಲೆ ಚಿತ್ರ ಕಳಿಸ್ಬೇಕಿತ್ತು."

ನನಗೆ ನನ್ನ ಮದುವೆ ನೆನಪಾಯಿತು. ನಮ್ಮಲ್ಲಿ ಹೆಣ್ಣಿನ ಕಡೆಯ ಮಧ್ಯಸ್ಥ ವರನ ಮನೆಯಲ್ಲಿ ಉಂಡರೂ, ಅವನ ಗುಣ ವಿಚಾರಿಸುವುದು ಹಿಟ್ಟಿನ ಗಿರಣಿಯಲ್ಲಿ, ತೊರೆಯ ದಂಡೆಯಲ್ಲಿ. ನನ್ನನ್ನು ಹೊಗಳಲು ಅಪ್ಪ ಇಬ್ಬರು ಕುಡುಕರನ್ನು ಗೊತ್ತುಮಾಡಿದ್ದ. ಮಧ್ಯಸ್ಥ ಅವರ ಮಾತು ಕೇಳಿ ಅಲ್ಲಿಂದಲೇ ಹಿಂದಿರುಗಿದ. ಮರುವರ್ಷ ಅವನನ್ನು ಒಪ್ಪಿಸಿದ್ದು ನಾನು ಬಟ್ಟಲು ಕೆತ್ತಿಕೊಟ್ಟಿದ್ದ ಮುದುಕಿಯೊಬ್ಬಳ ಒಂದೇ ಮಾತು.

"ಬಾಡಿಗೆ ಬಾಯಿ ಬೇಡ ಕೂಸೇ. ನಮ್ಮ ಕಲ್ಲು ಯಾರ ಮನೇಲಿದ್ಯೋ ಅವ್ರನ್ನ ಕೇಳು."

"ಯಾರ ಮನೇಲಿದೆ ಅಂತ ಗೊತ್ತಿರ್ಬೇಕಲ್ಲ?"

"ಬರ್ಕೋ."

ಮೂರು ದಿನ ಹೇಳಿದೆ. ಗುಲಾಬಿ ಗೆರೆಯ ಕಲ್ಲಿನ ದೀಕ್ಷಾಸ್ನಾನದ ಬೋಗುಣಿ, ಎಲ್ಡೊರೆಟ್ ಕಡೆಯ ಚರ್ಚಿಗೆ. ಚದುರಂಗದ ಕಾಯಿಗಳು, ಕಂಪಾಲಾದ ಶಾಲೆಗೆ. ಒಂದು ಕುದುರೆಗೆ ಕಿವಿ ಮೊಂಡು. ಡೆನ್ಮಾರ್ಕಿನ ನರ್ಸಮ್ಮ ಒಯ್ದ ಬೂದು ನೀರುಕುದುರೆ. ಕೆಮುಂತೊ ಕೊಂಡ ಸಾವಿರ ಕೊಂಡಿಗಳನ್ನು ನಮ್ಮವಲ್ಲವೆಂದು ಫೋನಿನಲ್ಲಿ ಹುಡುಕಿಕೊಡುವ ಕಂಪನಿಗೆ ತಿಳಿಸಿ, ಇವರನ್ನೆಲ್ಲ ಒಬ್ಬೊಬ್ಬರಾಗಿ ಹುಡುಕಿ ಪತ್ರ ಬರೆದಳು.

ವಾರಗಟ್ಟಲೆ ಏನೂ ಇಲ್ಲ. ಆಮೇಲೆ ಚರ್ಚಿನವರು ಬೋಗುಣಿಯ ಚಿತ್ರ ಹಾಕಿ ಕೆಳಗೆ ನಮ್ಮ ಕೊಂಡಿ ಕೊಟ್ಟರು. ಶಾಲೆಯವರೂ ಕೊಟ್ಟರು, ಮೊಂಡು ಕಿವಿಯ ಕುದುರೆಯೊಂದಿಗೆ. ನರ್ಸಮ್ಮ ತೀರಿಕೊಂಡಿದ್ದರು, ಮಗಳು ನೀರುಕುದುರೆಯನ್ನು ತಮ್ಮೂರಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟಿದ್ದಳಂತೆ. ಅಲ್ಲಿಯ ಪುಟದಲ್ಲಿ 'ಕೆತ್ತಿದವರು ಗೊತ್ತಿಲ್ಲ' ಎಂದಿದ್ದ ಕಡೆ ಈಗ ನನ್ನ ಹೆಸರು, ಪಕ್ಕದಲ್ಲೇ ಕೊಂಡಿ. ಕೆಮುಂತೊ ಫೋನು ಹಿಡಿದು ತೋರಿಸಿದಳು. ಗಾಜಿನ ಪೆಟ್ಟಿಗೆಯೊಳಗೆ ನನ್ನ ನೀರುಕುದುರೆ; ಬೆನ್ನಿನ ಮೇಲೆ ಅಂದು ಉಳಿ ಜಾರಿದ ಗೆರೆ ಹಾಗೆಯೇ ಇತ್ತು. ಇಷ್ಟು ವರ್ಷ ಕಲ್ಲುಗಳನ್ನು ಕಳಿಸುತ್ತಲೇ ಬಂದಿದ್ದೆ. ಅವು ಹೋದ ದಾರಿ ನಮ್ಮ ಕಡೆಗೂ ತಿರುಗಿ ಬರುತ್ತದೆಂದು ತಿಳಿದಿರಲಿಲ್ಲ.

ಅಂಗಳದಲ್ಲಿ ಜೋಳ ಒಣಹಾಕಿದ್ದೆವು. ನಮ್ಮ ಫೋನು ನಮ್ಮನ್ನು ಮೆಚ್ಚಿಸಲು ನಮ್ಮದನ್ನೇ ಮೇಲೆ ತೋರಿಸೀತೆಂದು ಮೊರಾ ಮೊಂಬಾಸಾದಲ್ಲಿರುವ ತನ್ನ ತಂಗಿಯಿಂದ ಹುಡುಕಿಸಿದಳು.

"ನಿಮ್ದು ಎರಡನೇದು ಕಣೇ ಅಕ್ಕ," ಎಂದಳು ತಂಗಿ ಫೋನಿನಲ್ಲಿ. "ದಲ್ಲಾಳೀದು ಕೆಳಗಿದೆ."

ಮೊರಾ ಒದ್ದೆ ಕೈಯನ್ನು ಸೊಂಟಕ್ಕೆ ಸುತ್ತಿದ್ದ ಬಟ್ಟೆಗೆ ಒರೆಸಿಕೊಂಡಳು.

ಜೋಳ ಚೀಲಕ್ಕೆ ತುಂಬುವ ಮೊದಲೇ ಬೇಡಿಕೆ ಬಂತು: ನಾವಾರೂ ಕೇಳದ ಊರಿನಿಂದ, ನಲವತ್ತು ಬಟ್ಟಲು. ಸಂಘ ಉಳಿಯಿತು.

"ಮಾವಾ, ಇದನ್ನೂ ನೆನಪಿಟ್ಕೊಳ್ಳಿ, ಎಲ್ಲಿಗೆ ಹೋಗುತ್ತೆ ಅಂತ," ಎಂದಳು ಮೊರಾ.

ಆ ಊರಿನ ಹೆಸರನ್ನು ಕೆಮುಂತೊಳಿಂದ ಎರಡು ಸಲ ಹೇಳಿಸಿಕೊಂಡು, ಮೊದಲ ಕಲ್ಲನ್ನು ಕೈಗೆತ್ತಿಕೊಂಡೆ.