ತಿರುಗದ ಉಂಗುರ

ಬೆರಳ ಸಂದಿಯಲ್ಲಿ ಬಡಿದುಕೊಳ್ಳುತ್ತಿರುವುದು ಹಕ್ಕಿಯ ನಾಡಿಯೋ ತನ್ನದೋ, ಭವ್ಯಾಗೆ ತಿಳಿಯುತ್ತಿಲ್ಲ, ಇಷ್ಟು ವೇಗ ತನ್ನದಾಗಿರಲಾರದು, ಆದರೆ ಈಗ ಆಗಿದ್ದರೂ ಆಗಿರಬಹುದು, ಮೈಯೆಲ್ಲ ಉರಿಯುತ್ತಿದೆ, ಮಸಿನಗುಡಿಯ ಬಿಸಿಲಿಗಲ್ಲ, ಆ ಗುರುತಿನ ಉಂಗುರಕ್ಕೆ — ಗಿಡುಗದ ಹಳದಿ ಕಾಲಿಗೆ ಅಂಟಿಕೊಂಡು ಕೂತಿದೆ, ಉಗುರಿನಿಂದ ತಳ್ಳಿ ನೋಡಿದಳು, ತಿರುಗಲಿಲ್ಲ. ತಿರುಗಬೇಕು. ಕೈಬಳೆಯ ಹಾಗೆ ಸಡಿಲವಾಗಿ ಸುತ್ತಬೇಕು, ಇಲ್ಲದಿದ್ದರೆ ಕಾಲು ಬಾತು, ಕೊಳೆತು, ಬೇಟೆ ಹಿಡಿಯಲಾರದೆ ಹಕ್ಕಿ ಉಪವಾಸ ಸಾಯುತ್ತದೆ, ಇದನ್ನೇ ಅಲ್ಲವೇ ಈ ಸಂಶೋಧನೆಯ ಮುಖ್ಯಸ್ಥ ಹರಿಹರನ್ ಸಾರ್ ಮೊದಲ ದಿನ ಕಲಿಸಿದ್ದು, ಅದೇ ಬಾಯಲ್ಲಿ ಈಗ, ಪರವಾಯಿಲ್ಲಮ್ಮ, ಸ್ವಲ್ಪ ಬಿಗಿ ಅಷ್ಟೇ. ಸ್ವಲ್ಪವಂತೆ! ಬೆಳಿಗ್ಗೆ ಬಲೆಗೆ ಬಿದ್ದ ಗಂಡು ಗಿಡುಗ ಉಂಗುರ ತೊಡಿಸುವ ಮೊದಲೇ ಕೈಯಿಂದ ಜಾರಿ ಹಾರಿತ್ತು, ಅದಕ್ಕೆಂದಿದ್ದ ಉಂಗುರ ಇಕ್ಕಳದ ಬಾಯಲ್ಲೇ ಉಳಿದಿತ್ತು, ಆಮೇಲೆ ಬಿದ್ದದ್ದು ಈ ಹೆಣ್ಣು, ಗಿಡುಗಗಳಲ್ಲಿ ಹೆಣ್ಣೇ ದೊಡ್ಡದು, ಕಾಲು ದಪ್ಪ, ಅದರ ಉಂಗುರದ ಅಳತೆಯೇ ಬೇರೆ, ಸಾರ್ ನೋಡಲೇ ಇಲ್ಲ, ಅತಿಥಿಯ ಕಡೆ ಮುಖ ಮಾಡಿ ಮಾತಾಡುತ್ತಲೇ ಇಕ್ಕಳ ಒತ್ತಿಬಿಟ್ಟರು, ಮೇಲಿಂದ ಚಟಾಕಿ ಬೇರೆ, ಕಾಲುಂಗುರ ಹಾಕಿದ್ದಾಯ್ತು ಜಯರಾಮನ್ ಸಾರ್, ಇನ್ನು ಗಂಡನ ಮನೆಗೆ ಕಳಿಸೋದೊಂದೇ ಬಾಕಿ. ಜಯರಾಮನ್ ಅಂದರೆ ತೊರಪಳ್ಳಿಯಲ್ಲಿ ರೆಸಾರ್ಟ್ ನಡೆಸುವವರು, ಗಿಡುಗವನ್ನು ಕೈಯಾರೆ ಹಾರಿಬಿಡಲು ಬಂದವರು, ಹೊಟ್ಟೆ ಕುಣಿಸಿ ನಕ್ಕರು, ಕ್ಯಾಮೆರಾದವನೂ ನಕ್ಕ. ಸಾರ್, ಇದು ಹೆಣ್ಣು, ಉಂಗುರ ಗಂಡಿನದು, ಬಿಚ್ಚಬೇಕು ಅಂದಳು. ಅಯ್ಯೋ, ಡಾಕ್ಟರಮ್ಮ ಬಂದ್ಲಪ್ಪ, ಬಿಚ್ಚೋವಾಗ ಕಾಲು ಮುರಿದ್ರೆ ಯಾರಮ್ಮ ಜವಾಬ್ದಾರಿ, ನೀನಾ, ಅಂದರು ಹರಿಹರನ್. ಹೌದು ನಾನೇ, ಅನ್ನಬೇಕಿತ್ತು, ಥೂ, ಯಾಕೆ ಹಿಂಜರಿದೆ, ಆವತ್ತು ಆ ನರ್ಸು ಹಿಂಜರಿದಿರಲಿಲ್ಲ — ಊಟಿಯ ಆಸ್ಪತ್ರೆ, ಹೆತ್ತೆ, ತನ್ನ ಅಜ್ಜಿ ಲಿಂಗಮ್ಮ, ಟೀ ಎಲೆ ಕೀಳುವಾಗ ಜೇನು ಕಚ್ಚಿ ಕೈ ಬಾತು ಬೆಳ್ಳಿಯುಂಗುರ ಮಾಂಸದೊಳಗೆ ಹೂತಿತ್ತು, ಹೆತ್ತೆ ಕೈ ಹಿಂದೆ ಎಳೆದುಕೊಳ್ಳುತ್ತಾಳೆ, ಬೇಡ ಕೂಸೇ, ಮದುವೆಯದು, ಕಲೈಸೆಲ್ವಿ ಅನ್ನುವ ನರ್ಸು ಯಾರನ್ನೂ ಕೇಳುವುದಿಲ್ಲ, ಬೆರಳು ಬೇಕಾ ಉಂಗುರ ಬೇಕಾ ಪಾಟಿ, ಎಂದು ಅಜ್ಜಿಯನ್ನು ತಮಿಳಿನಲ್ಲಿ ಗದರುತ್ತಲೇ ಕತ್ತರಿಸಿ ಬಿಸಾಕುತ್ತಾಳೆ. ಅಷ್ಟೇ. ಅಷ್ಟೇ ಕೆಲಸ. ಅಲ್ಲಿ ಫೋಟೋ ತೆಗೆಯುವವರಿರಲಿಲ್ಲ. ಕೊಡಮ್ಮ ಇಲ್ಲಿ, ಕಚ್ಚಲ್ವಾ ಇದು, ಅನ್ನುತ್ತ ಜಯರಾಮನ್ ಕೈ ಚಾಚುತ್ತಿದ್ದಾರೆ, ತಲೆಗೆ ಟೋಪಿ ಸರಿಮಾಡಿಕೊಂಡು, ನಗು ಮೊದಲೇ ಅಂಟಿಸಿಕೊಂಡು, ಕೊಡಲ್ಲ ಸಾರ್, ಅಂದದ್ದು ತನ್ನದೇ ದನಿ, ಇಷ್ಟು ಗಟ್ಟಿಯೇ, ಸಣ್ಣ ತಂತಿ ಜೀಪಿನಲ್ಲಿದೆ, ಉಂಗುರದ ಸಂದಿಗೆ ತೂರಿಸಿ ಎರಡೂ ಕಡೆ ಎಳೆದರೆ ತೆರೆದುಕೊಳ್ಳುತ್ತದೆ, ಎರಡು ಹೆಜ್ಜೆ ಇಟ್ಟಳು, ಹಿಂದಿನಿಂದ ಹರಿಹರನ್ ಕೈ ಬಂದು ಅವಳ ಕೈಯ ಮೇಲೆ ಕೂತಿತು. ಹೊಸ ಹುಡುಗಿ ಸಾರ್, ಸ್ವಲ್ಪ ಸೆಂಟಿಮೆಂಟು, ಎಂದು ಅತ್ತ ನಗುತ್ತಲೇ ಇತ್ತ ಒಂದೊಂದೇ ಬೆರಳು ಬಿಡಿಸುತ್ತಿದ್ದಾರೆ, ಬಿಡಬಾರದು, ಆದರೆ ಬಿಡದಿದ್ದರೆ ಈ ಎಳೆದಾಟದಲ್ಲಿ ರೆಕ್ಕೆ ಮುರಿಯುತ್ತದೆ, ಅದು ಅವರಿಗೂ ಗೊತ್ತು, ಹಕ್ಕಿಗೆ ನೋವಾಗದಂತೆ ತಾನೇ ಕೈ ಸಡಿಲಿಸುತ್ತೇನೆಂದು ಗೊತ್ತಿದ್ದೇ ಎಳೆಯುತ್ತಿದ್ದಾರೆ, ಕಲಿಸಿದವರೇ ಅವರು — ಸಡಿಲಿಸಿದಳು. ಜಯರಾಮನ್ ಕೈಯಿಂದ ಗಿಡುಗ ಹಾರಿತು, ಚಪ್ಪಾಳೆ. ಸೂಪರ್ ಸಾರ್, ಇನ್ನೊಂದು ಸಲ ಈ ಕಡೆ ನೋಡಿ, ಅಂದ ಕ್ಯಾಮೆರಾದವನು. ಹಕ್ಕಿ ಇಲ್ಲದ ಕೈಗಳನ್ನು ಆಕಾಶಕ್ಕೆ ಚಾಚಿಕೊಂಡು ಜಯರಾಮನ್ ಇನ್ನೂ ನಿಂತೇ ಇದ್ದಾರೆ, ಯಾರೂ ಆಚೆ ನೋಡುತ್ತಿಲ್ಲ, ಗಿಡುಗ ದೂರ ಹೋಗಿಲ್ಲ, ಹಳ್ಳದಾಚೆಯ ಬೋಳು ಮರದಲ್ಲಿ ಕೂತಿದೆ, ಭವ್ಯಾ ದುರ್ಬೀನು ಎತ್ತಿದಳು, ಒಂದು ಕಾಲನ್ನು ಹೊಟ್ಟೆಯ ಗರಿಗೆ ಎಳೆದುಕೊಂಡಿದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ, ತಲೆ ಬಗ್ಗಿಸಿ ಉಂಗುರವನ್ನು ಕುಕ್ಕುತ್ತದೆ, ನಿಲ್ಲಿಸುತ್ತದೆ, ಕುಕ್ಕುತ್ತದೆ, ಉಂಗುರ ಬಿಸಿಲಿಗೆ ಮಿನುಗುತ್ತದೆ, ತಿರುಗುವುದಿಲ್ಲ, ಕುಕ್ಕುತ್ತದೆ, ತಿರುಗುವುದಿಲ್ಲ, ಕುಕ್ಕುತ್ತದೆ